ಅಲುಗದ ಎಡತಂತು

ಜಯಲಕ್ಷ್ಮಮ್ಮನವರ ದನಿಯನ್ನು ನಾನು ಇಪ್ಪತ್ತು ವರ್ಷ ಹೊಟ್ಟೆಕಿಚ್ಚಿನಿಂದಲೇ ಕೇಳಿದ್ದೇನೆ. ಮದ್ರಾಸಿನಲ್ಲಿ ನಮ್ಮ ಮೈಸೂರು ಕಡೆಯವರ ಮದುವೆ ಎಲ್ಲೇ ನಡೆಯಲಿ, ಹಸೆಗೆ ಕರೆಯುವ ಹಾಡಿಗೆ ಅವರೇ ಆಗಬೇಕು. ಅವರು ಒಂದೊಂದೇ ಸಾಲು ಎತ್ತಿಕೊಡುವುದು, ಹಿಂದೆ ನಿಂತ ನಾವು ಅದನ್ನೇ ತಿರುಗಿ ಹೇಳುವುದು. ನನಗೂ ಒಂದು ದನಿಯಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಹೋದ ವರ್ಷ ಅವರ ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆಯ ಜೊತೆಗೆ ಒಂದು ನರವೂ ಹೋಯಿತು. ಆಮೇಲೆ ಬಾಯಿ ತೆರೆದರೆ ಬರೀ ಗಾಳಿ.

ಗಂಟಲಿನ ಡಾಕ್ಟರ ಬಳಿ ಜೊತೆಗೆ ಹೋದವಳು ನಾನೇ. ಅವರ ಮಗ ದಿನೇಶನಿಗೆ ಆಫೀಸಿತ್ತು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿ, ದನಿಯ ತಂತುಗಳಂತೆ ಅವು. ಉಸಿರೆಳೆದರೆ ಹಿಂಬದಿಯ ಸ್ನಾಯುಗಳು ಅವನ್ನು ಅಗಲಿಸುತ್ತವಂತೆ, ಮಾತಾಡಿದರೆ ಬೇರೆ ಸ್ನಾಯುಗಳು ನಡುವಿಗೆ ತಂದು ಸೇರಿಸುತ್ತವಂತೆ. ಸ್ವರ ಏರಿಸುವಾಗ ಎಳೆದು ಬಿಗಿಮಾಡುವುದು ಮುಂದಿನ ಇನ್ನೊಂದು. "ಈ" ಅನ್ನಿ ಎಂದರು. ಬಲಗಡೆಯ ತಂತು ಓಡಿಬಂತು, ಎಡಗಡೆಯದು ಬಿದ್ದಲ್ಲೇ ಬಿದ್ದಿತ್ತು. ಪಕ್ಕದಿಂದ ಸಣ್ಣ ತುಂಡೊಂದನ್ನು ಒತ್ತಿಟ್ಟು ಅದನ್ನು ನಡುವಿಗೆ ತಳ್ಳಿದರೆ ಬಲದ್ದು ಬಂದು ತಾಗುತ್ತದೆ, ಮಾತು ಬರುತ್ತದೆ ಎಂದರು ಡಾಕ್ಟರು. ಜಯಲಕ್ಷ್ಮಮ್ಮ ನನ್ನ ಕೈ ಹಿಡಿದು ಅತ್ತರು. ನನಗೇನೂ ಸಂತೋಷವಾಗಲಿಲ್ಲ.

ತನ್ನ ಮಗಳು ತನುಶ್ರೀಯ ಮದುವೆ ಮುಗಿಯಲಿ ಎಂದು ದಿನೇಶ ಆಪರೇಷನ್ ಮುಂದಕ್ಕೆ ಹಾಕಿಸಿದ. ಅಣ್ಣಾ ನಗರದ ಛತ್ರ. ಅಜ್ಜಿಯ ಹಳೆಯ ರೆಕಾರ್ಡಿಂಗನ್ನು ತನುಶ್ರೀ ಸ್ಪೀಕರಿಗೆ ಹಾಕಿಸಿದಳು.

"ಅಜ್ಜಿ, ನೀವ್ ಸುಮ್ನೆ ಬಾಯಾಡ್ಸಿ, ಪೋದುಂ, ಅಷ್ಟ್ ಸಾಕು. ಯಾರ್ಗೂ ಗೊತ್ತಾಗಲ್ಲ."

ಅವರು ಬಾಯಾಡಿಸಿದರು. ಸ್ಪೀಕರು ಹಾಡಿತು. ನಾವು ತಿರುಗಿ ಹೇಳಿದೆವು. ಈ ವಯಸ್ಸಿನಲ್ಲೂ ಎಂಥಾ ಕಂಠ ಎಂದು ಬೀಗರು ಕೈಮುಗಿದಾಗ ಜಯಲಕ್ಷ್ಮಮ್ಮ ತಲೆ ಎತ್ತಲಿಲ್ಲ.

ಮುಂದಿನ ವಾರ ಅವರ ಮನೆಗೆ ಹೋಗಿದ್ದೆ. ದಿನೇಶ ನಮ್ಮೆದುರೇ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಬೇಡವೆಂದ.

"ರೆಕಾರ್ಡಿಂಗ್ ಇದ್ಯಲ್ಲ ಆಂಟಿ, ಇನ್ನೇನ್ ಬೇಕು? ಮನೇಲೂ ಈಗ ನೆಮ್ಮದಿಯಾಗಿದೆ" ಎಂದು ನಕ್ಕ.

ಫ್ಯಾನಿನ ಸದ್ದಿಗೇ ಮುಳುಗಿಹೋಗುವ ದನಿ ಅವರದು. ನನ್ನ ಕಿವಿಯ ಹತ್ತಿರ ಬಾಯಿ ತಂದರು.

"ನಂಗೆ ಮಾತ್ ಬೇಕು ಕಣೇ. ನೀನಾದ್ರೂ ಹೇಳು."

ಇಷ್ಟಕ್ಕೇ ಎರಡು ಸಲ ಉಸಿರು ಮುಗಿಯಿತು.

"ಏನಂತೆ ಆಂಟಿ?" ಎಂದ ದಿನೇಶ.

ಬರುವ ತಿಂಗಳು ಪೆರಂಬೂರಿನಲ್ಲಿ ಒಂದು ಮದುವೆಯಿತ್ತು. ಸಾಲು ಎತ್ತಿಕೊಡಲು ನನ್ನನ್ನು ಕರೆದಿದ್ದರು.

"ಕಾಫಿ ಕುಡೀತೀಯಾ ಅಂತ ಕೇಳ್ತಿದಾರೆ ಕಣಪ್ಪ" ಎಂದೆ.