ಮಗ್ಗ ನಿಂತ ದಿನ ಕಡಲಿಗೆ ಹೊರಟೆವು

2006ರ ಬೇಸಿಗೆಯ ಮಾತು. ಮಗಳು ಪಲ್ಲವಿಯ ಏಳನೆಯ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಬನಹಟ್ಟಿಯ ಬಿಸಿಲಿನ ಬಗ್ಗೆ ಹೇಳುವುದೇ ಬೇಡ. ನಮ್ಮ ಮಗ್ಗದ ತಗಡಿನ ಶೆಡ್ಡಿನಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರೆ ಮೈಯೆಲ್ಲ ಬೆವರು, ಬೆವರಿನ ಮೇಲೆ ಹತ್ತಿಯ ಧೂಳು. ಎದುರಿನ ಗೋಡೆಯಲ್ಲಿ ನೂಲಿನ ವ್ಯಾಪಾರಿ ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಆ ತಿಂಗಳ ಹಾಳೆಯಲ್ಲಿ ಒಂದು ಕಡಲ ದಂಡೆ. ಬೆಳ್ಳನೆಯ ಮರಳು, ನೀಲಿ ನೀರು, ನೀರಿನ ಮೇಲೆ ಬಾಗಿದ ತೆಂಗಿನ ಮರ. ಅದನ್ನು ನೋಡಿ ನೋಡಿ ನನಗೆ ಹುಚ್ಚು ಹಿಡಿದಂತಾಯಿತು. ಒಂದು ಮಧ್ಯಾಹ್ನ ಪಕ್ಕದಲ್ಲಿದ್ದ ಕಸ್ತೂರಕ್ಕನಿಗೆ ಹೇಳಿಯೇಬಿಟ್ಟೆ, "ಅಕ್ಕಾ, ಈ ಬ್ಯಾಸಗ್ಯಾಗ ಸಮುದ್ರ ನೋಡಾಕ ಹೋಗೂನು."

ಕಸ್ತೂರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ನಾವಿಬ್ಬರೂ ನೆಗೆಣ್ಣಿಯರಾದರೂ ಗೆಳತಿಯರಿದ್ದಂತೆ. ಆಕೆ ಕೈಯಲ್ಲಿನ ಕಂಡಿಕೆ ಬಿಟ್ಟು, "ಯಾವಾಗ?" ಎಂದಳು. ಯಾಕೆ ಅನ್ನಲಿಲ್ಲ, ಹೆಂಗೆ ಅನ್ನಲಿಲ್ಲ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು ಅಂದುಕೊಂಡೆ.

ಯಾವಾಗ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಒಂದೇ ಉತ್ತರ. ಅಮಾವಾಸ್ಯೆಗೆ. ನಮ್ಮ ನಾಲ್ಕೂ ಮಗ್ಗಗಳು ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಮಾತ್ರ ನಿಲ್ಲುತ್ತಿದ್ದವು. ಅಂದು ಗಂಡಸರು ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಪೂಜೆ ಮಾಡುವರು. ಇದು ತೀರಿಹೋದ ನಮ್ಮ ಮಾವನವರು ಹಾಕಿಕೊಟ್ಟ ಕಟ್ಟಳೆ. ತವರಿಗೆ ಹೋಗಬೇಕೆಂದರೂ ಅಮಾವಾಸ್ಯೆ, ಹಲ್ಲು ಕೀಳಿಸಬೇಕೆಂದರೂ ಅಮಾವಾಸ್ಯೆ. ಹಿಂದಿನ ದಿನ ಮಗ್ಗ ನಿಂತ ಮೇಲೆ ಹೊರಟು, ಅಮಾವಾಸ್ಯೆಯ ದಿನ ಪೂರ್ತಿ ಕಡಲ ಬಳಿ ಇದ್ದು, ಪಾಡ್ಯದ ಬೆಳಿಗ್ಗೆ ಮಗ್ಗ ಶುರುವಾಗುವ ಹೊತ್ತಿಗೆ ಮನೆ ಸೇರಬೇಕು. ಹೀಗೆ ನಮ್ಮ ಯೋಜನೆ ಸಿದ್ಧವಾಯಿತು.

ಇನ್ನು ಉಳಿದದ್ದು ಅತ್ತೆ. ನಮ್ಮ ಅತ್ತೆ ಗೌರವ್ವನ ಮಾತು ಮೀರಿ ನಮ್ಮ ಮನೆಯಲ್ಲಿ ಬೆಕ್ಕೂ ಹೊಸಿಲು ದಾಟುತ್ತಿರಲಿಲ್ಲ. ನಾನು ಚಹಾದ ಕಪ್ಪು ಕೈಗೆ ಕೊಟ್ಟು ನಿಧಾನವಾಗಿ ವಿಷಯ ತೆಗೆದೆ. ಅವರು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ನೀರು ನೋಡಾಕ ಅಷ್ಟು ದೂರ ಯಾಕ ಹೋಗ್ಬೇಕು ಬೇ? ಕೃಷ್ಣಾ ಹೊಳಿ ಇಲ್ಲೇ ಇಲ್ಲೇನು?"

"ಹೊಳ್ಯಾಗ ಈಗ ನೀರ ಎಲ್ಲಿ ಅದಾವ್ರಿ ಅತ್ತ್ಯಾರ?"

"ಮತ್ತ ಹೊಳ್ಯಾಗ ಇಲ್ಲಂದ್ರ ಸಮುದ್ರದಾಗರ ಎಲ್ಲಿ ಇರತಾವು? ಶ್ರಾವಣ ಬರಲಿ, ಆಗ ನೋಡೂನು."

ಶ್ರಾವಣದಲ್ಲಿ ಸಮುದ್ರದ ಹತ್ತಿರ ಯಾರೂ ಸುಳಿಯುವಂತಿಲ್ಲ ಎಂದು ಟಿ.ವಿ.ಯಲ್ಲಿ ನೋಡಿದ್ದೆ. ಆದರೆ ಹಾಗೆ ಹೇಳಿದರೆ ಅಂಜುತ್ತಾರೆ. ಅದಕ್ಕೆ, "ಶ್ರಾವಣದಾಗ ತುಂಬಿ ಬರತೈತ್ರಿ. ಬ್ಯಾಸಗ್ಯಾಗ ಆದ್ರ ನೀರು ಕೆಳಗ ಇಳಿದು ತಣ್ಣಗ ಇರತೈತಿ, ಅಂಜಿಕಿ ಇಲ್ಲ" ಎಂದು ಧೈರ್ಯವಾಗಿ ಹೇಳಿದೆ. ನನಗೇನು ಗೊತ್ತಿತ್ತು? ಹೊಳೆ ಹೇಗೋ ಸಮುದ್ರವೂ ಹಾಗೇ ಇರಬೇಕು ಅಂದುಕೊಂಡಿದ್ದೆ.

ಅತ್ತೆ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ತಾವೂ ಬರುವುದಾಗಿ ಹೇಳಿದರು. ಅದರ ಜೊತೆಗೆ ಒಂದು ಮಾತನ್ನೂ ಸೇರಿಸಿದರು. "ಇದರಾಗ ಏನಾರ ಹೆಚ್ಚುಕಮ್ಮಿ ಆತಂದ್ರ, ಈ ಮನಿ ಹೆಣ್ಮಕ್ಕಳು ಮತ್ತ ಯಾವತ್ತೂ ಟೂರು ಅನ್ನಬಾರದು. ನಿನ್ನ ಮಗಳೂ ಅನ್ನಬಾರದು. ನೋಡವ್ವಾ, ತಿಳಕೊ." ಈ ಮನೆಗೆ ಬಂದು ಅಷ್ಟು ವರ್ಷವಾದರೂ ಜಮಖಂಡಿ, ಮುಧೋಳ ಬಿಟ್ಟು ಬೇರೆ ಊರಿನ ಬಸ್ಸು ಹತ್ತದವಳು ನಾನು. ಮಗಳದೂ ಹಾಗೇ ಆಗಬಾರದು ಎನ್ನುವ ಹಟ ಒಳಗೇ ಇತ್ತು. ಆದ್ದರಿಂದ ಆ ಮಾತು ಸೀದಾ ಎದೆಗೇ ನಾಟಿತು.

ಆ ಮೇಲಿನ ದಿನಗಳ ಖುಷಿಯನ್ನು ಏನೆಂದು ಹೇಳಲಿ. ನಾವಿಬ್ಬರೂ ಒಂದೊಂದು ನೆಪ ಹೇಳಿ ಜಮಖಂಡಿ ಬಜಾರಕ್ಕೆ ಹೋದೆವು. ನಾನು ಬಿಸಿಲಿಗೆ ಅಗಲ ಅಂಚಿನ ಟೋಪಿ ತಂದೆ. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನನ್ನ ಗಂಡ, "ಸಮುದ್ರ ನಿನ್ನ ನೋಡಿ ಹಿಂದ ಸರಿಯೂದು ಗ್ಯಾರಂಟಿ" ಎಂದರು. ಕಸ್ತೂರಕ್ಕ ಮಾತ್ರ ದೊಡ್ಡ ಸಾಹಸವನ್ನೇ ಮಾಡಿದ್ದಳು. ಯಾರಿಗೂ ಹೇಳದೆ ಟೇಲರ್ ಹತ್ತಿರ ಒಂದು ಚೂಡಿದಾರ ಹೊಲಿಸಿದ್ದಳು. ಆಕೆಯ ತವರು ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿ. ರೈತರೇ ಬ್ಯಾರೇಜು ಕಟ್ಟಿದ ಆ ಊರಿನ ಹೊಳೆಯಲ್ಲಿ ಹುಡುಗಿಯಾಗಿದ್ದಾಗ ಈಜಿದವಳು. "ಸೀರಿ ಉಟಗೊಂಡು ನೀರಾಗ ಇಳಿದ್ರ ಏನ ಮಜಾ ಸುಮಿ?" ಎಂದು ಪಿಸುಗುಟ್ಟಿದಳು.

ಮನೆಯಲ್ಲಿ ಎರಡು ದಿನ ರೊಟ್ಟಿ ಬಡಿಯುವ ಸದ್ದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಮೊಸರನ್ನದ ಬುತ್ತಿ, ಶೇಂಗಾ ಹೋಳಿಗೆ. ಅತ್ತೆ ಬೇರೆ ಗಂಟಿನಲ್ಲಿ ಅರಿಷಿಣ, ಕುಂಕುಮ, ತೆಂಗಿನಕಾಯಿ, ರವಿಕೆಯ ಹಸಿರು ಕಣ ಕಟ್ಟಿಕೊಂಡರು. ದೊಡ್ಡ ನೀರು ನೋಡಿದಾಗ ಗಂಗವ್ವನಿಗೆ ಉಡಿ ತುಂಬದೆ ಬರುವ ಪದ್ಧತಿ ನಮ್ಮಲ್ಲಿಲ್ಲ.

ಚಿಮ್ಮಡದ ಬೀರಪ್ಪ ಕ್ರೂಸರ್ ಗಾಡಿ ತಂದ. ಕುರಿ ಸಾಕುವ ಮನೆತನದ ಹುಡುಗ, ಬೀರೇಶ್ವರನ ಭಕ್ತ. ಗಾಡಿಯ ಮೂತಿಗೆ ದೇವರ ಭಂಡಾರದ ಅರಿಷಿಣ ಹಚ್ಚಿಕೊಂಡೇ ಬಂದಿದ್ದ. ಅತ್ತೆ, ಕಸ್ತೂರಕ್ಕ, ನಾನು, ಪಲ್ಲವಿ ಹತ್ತಿ ಕುಳಿತೆವು. ಪಲ್ಲವಿಯ ಹಾಡು ಯಲ್ಲಾಪುರದ ತನಕ ನಿಲ್ಲಲಿಲ್ಲ, ನನಗಂತೂ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಬೆಳಗಾಗುವ ಹೊತ್ತಿಗೆ ಕುಮಟೆಯ ಆಚೆ ಒಂದು ಸಣ್ಣ ಊರಿನ ದಂಡೆಯಲ್ಲಿ ಗಾಡಿ ನಿಂತಿತು. ತೆಂಗಿನ ಮರಗಳ ನಡುವಿನಿಂದ ಮೊದಲ ಸಲ ಸಮುದ್ರ ಕಂಡಿತು. ನನಗೆ ಅಳುವೇ ಬಂತು. ಕ್ಯಾಲೆಂಡರಿನಲ್ಲಿ ಆ ಸದ್ದು ಇರಲಿಲ್ಲವಲ್ಲ. ಅತ್ತೆ ಸೆರಗು ಹೊದ್ದು ಕೈ ಮುಗಿದು ಬಹಳ ಹೊತ್ತು ಹಾಗೇ ನಿಂತರು. ಕಸ್ತೂರಕ್ಕ ಗಾಡಿಯ ಮರೆಯಿಂದ ಚೂಡಿದಾರ ಹಾಕಿಕೊಂಡು ಬಂದಾಗ ಅತ್ತೆ ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಣ್ಣ ಛಲೋ ಐತಿ" ಎಂದಷ್ಟೇ ಹೇಳಿ ಮುಂದೆ ನಡೆದರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ದಂಡೆಯಿಂದ ಸ್ವಲ್ಪ ದೂರದಲ್ಲಿ, ನೀರಿನ ಮಧ್ಯೆ ಒಂದು ಮರಳ ದಿಬ್ಬ ಇತ್ತು. ನಡುವೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು, ಅಷ್ಟೇ. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರೂ ಹೊಳೆಯ ನಡುವಿನ ಮರಳಿಗೆ ಹೋಗಿ ಕುಳಿತೇ ಬುತ್ತಿ ಬಿಚ್ಚುತ್ತಾರೆ. ನಾವೂ ಹಾಗೇ ಮಾಡಿದೆವು. ಗಂಟು ಹೊತ್ತು, ಅತ್ತೆಯ ಕೈ ಹಿಡಿದು, ದಿಬ್ಬಕ್ಕೆ ಹೋಗಿ ಚಾಪೆ ಹಾಸಿದೆವು. ಬೀರಪ್ಪ ಗಾಡಿಯಲ್ಲೇ ಮಲಗಿದ, ಪಾಪ, ರಾತ್ರಿಯೆಲ್ಲ ಗಾಡಿ ಹೊಡೆದಿದ್ದ.

ಮೊದಲು ಮನಸೋಕ್ತ ಆಡಿದೆವು. ಆಮೇಲೆ ಅತ್ತೆ ಉಡಿ ತುಂಬಲು ಕುಳಿತರು. ಗಂಗವ್ವನ ಪೂಜೆಗೆ ಐದು ಕಲ್ಲು ಬೇಕು. ಅಲ್ಲಿ ಕಲ್ಲು ಎಲ್ಲಿಂದ ತರುವುದು? ಪಲ್ಲವಿ ಓಡಾಡಿ ಐದು ಚಿಪ್ಪು ಆರಿಸಿ ತಂದಳು. ಅವನ್ನೇ ಸಾಲಾಗಿ ಇಟ್ಟು, ಅರಿಷಿಣ ಕುಂಕುಮ ಏರಿಸಿ, ಕಣ ಇಟ್ಟು, ಕಾಯಿ ಒಡೆದು, ಆರತಿ ಹಾಡಲು ಶುರು ಮಾಡಿದರು. ಅತ್ತೆಯ ಆರತಿ ಹಾಡು ಎಂದರೆ ಬೇಗ ಮುಗಿಯುವುದಲ್ಲ. ನಾವೆಲ್ಲ ಕಡಲಿಗೆ ಮುಖ ಮಾಡಿ, ದಂಡೆಗೆ ಬೆನ್ನು ಮಾಡಿ ಕುಳಿತಿದ್ದೆವು. ಹಾಡು ಮುಗಿಯುವ ಹೊತ್ತಿಗೆ ಒಂದು ತೆರೆ ಮೆಲ್ಲಗೆ ಬಂದು ಚಿಪ್ಪುಗಳನ್ನು ಮುಟ್ಟಿತು. ಅತ್ತೆಯ ಮುಖ ಅರಳಿತು.

"ನೋಡ್ರಿ, ಗಂಗವ್ವ ತಾನ ಬಂದ್ಲು ಉಡಿ ತಗೊಳ್ಳಾಕ."

ಮುಂದಿನ ತೆರೆಗೆ ಕಣ ಹೋಯಿತು. ಅದರ ಮುಂದಿನದಕ್ಕೆ ಚಾಪೆ ಒದ್ದೆಯಾಯಿತು. ಕುಡಿಯುವ ನೀರು ತರಲು ಗಾಡಿಯ ಕಡೆಗೆ ಹೊರಟಿದ್ದ ಕಸ್ತೂರಕ್ಕ ದಿಬ್ಬದ ಅಂಚಿನಲ್ಲೇ ನಿಂತುಬಿಟ್ಟಳು. "ಸುಮಿ, ಇಲ್ಲಿ ಹಿಂದ ಹಳ್ಳ ಬಂದೈತಿ" ಎಂದಳು. ಆಕೆಯ ಧ್ವನಿ ಬೇರೆಯಾಗಿತ್ತು.

ತಿರುಗಿ ನೋಡಿದರೆ, ನಾವು ನಡೆದು ಬಂದಿದ್ದ ದಾರಿಯಲ್ಲಿ ಎದೆಮಟ್ಟದ ನೀರು ಸರಸರನೆ ಓಡುತ್ತಿತ್ತು. ದಿಬ್ಬ ಎರಡು ಚಾಪೆಯಷ್ಟು ಉಳಿದಿತ್ತು. ಅತ್ತೆ ಎದ್ದು ನಿಂತು ಸಿಟ್ಟಿನಿಂದಲೇ ಕೇಳಿದರು.

"ಮಳಿ ಇಲ್ಲ ಏನಿಲ್ಲ, ನೀರು ಎಲ್ಲಿಂದ ಬಂದ್ವು? ಯಾವ ಡ್ಯಾಮಿನವರು ಗೇಟ್ ತಗದ್ರು? ಡಂಗುರ ಹೊಡಿಸಿ ಬಿಡಬಾರದೇನು?"

ಆಗ ಪಲ್ಲವಿ ಅಳುಮುಖ ಮಾಡಿ, "ಆಯಿ, ಇದು ಉಬ್ಬರ. ಅಮಾವಾಸಿ, ಹುಣ್ಣಿವಿಗೆ ಎಲ್ಲಾಕ್ಕಿಂತ ಹೆಚ್ಚು ಏರತೈತಿ. ಪರೀಕ್ಷಾದಾಗ ಬರದೇನಿ" ಎಂದಳು.

"ಮತ್ತ ಮೊದಲ ಯಾಕ ಹೇಳ್ಲಿಲ್ಲ ಬೇ?" ಎಂದು ನಾನು ಗದರಿದೆ.

"ಯಾರೂ ಕೇಳಲೇ ಇಲ್ಲಲ್ಲ."

ಈಗ ನೆನೆದರೆ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಆಗ ಮಾತ್ರ ಯಾರೂ ನಗಲಿಲ್ಲ. ಬೀರಪ್ಪನನ್ನು ಕೂಗಿ ಕರೆದೆವು. ತೆರೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳುತ್ತಿರಲಿಲ್ಲ. ನೀರು ಅತ್ತೆಯ ಮೊಣಕಾಲಿಗೆ ಬಂತು. ಅವರ ಸೀರೆ ನೀರು ಕುಡಿದು ಭಾರವಾಗಿ ಕಾಲು ಎಳೆಯುತ್ತಿತ್ತು. ನಾನು ಒಂದು ಕೈಯಲ್ಲಿ ಅವರನ್ನು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ನಿಂತಿದ್ದೆ. ಅಂಜಿಕೆ ಇಲ್ಲ ಎಂದು ನಂಬಿಸಿ ಕರೆದುಕೊಂಡು ಬಂದವಳು ನಾನೇ. ಇವರಿಗೆ ಏನಾದರೂ ಆದರೆ ನಾನು ಯಾವ ಮುಖ ಹೊತ್ತು ಊರಿಗೆ ಹೋಗಲಿ ಎಂದು ಇಬ್ಬರನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದೆ.

ಕಸ್ತೂರಕ್ಕ ಯಾರನ್ನೂ ಕೇಳಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ನೀರಿಗೆ ಬಿದ್ದೇಬಿಟ್ಟಳು. ಹರಿವು ಆಕೆಯನ್ನು ಪಕ್ಕಕ್ಕೆ ಎಳೆದೊಯ್ದಿತು. ಆಕೆಯ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಕೊನೆಗೆ ದೂರದಲ್ಲಿ ದಂಡೆ ಹತ್ತಿ ತೆಂಗಿನ ಮರಗಳ ನಡುವಿನ ಮನೆಗಳ ಕಡೆ ಓಡಿದಳು.

ಸ್ವಲ್ಪ ಹೊತ್ತಿಗೆ ಒಂದು ಸಣ್ಣ ದೋಣಿ ಬಂತು. ಮೀನುಗಾರ ಗಂಡ ಹೆಂಡತಿ, ನಡುವೆ ಕಸ್ತೂರಕ್ಕ. "ಇಂದು ಅಮಾಸೆ ಅಲ್ವೇ? ಅಲ್ಲೆಂತ ಮಾಡ್ತಾ ಕೂತ್ರಿ ನೀವು?" ಎಂದು ಆ ಹೆಂಗಸು ಬೈಯುತ್ತಲೇ ಅತ್ತೆಯನ್ನು ಎತ್ತಿ ದೋಣಿಯೊಳಗೆ ಕೂರಿಸಿದಳು. ನಾವು ಹತ್ತಿ ತಿರುಗಿ ನೋಡಿದಾಗ ರೊಟ್ಟಿ ಗಂಟು, ಚಪ್ಪಲಿ, ನನ್ನ ಟೋಪಿ ಎಲ್ಲ ಸಾಲಾಗಿ ತೇಲಿಕೊಂಡು ಹೋಗುತ್ತಿದ್ದವು.

ದಂಡೆಯಲ್ಲಿ ಅವರ ಮನೆಯ ಜಗುಲಿಯಲ್ಲಿ ಕೂರಿಸಿದರು. "ಮೀನು ಬೇಯಿಸೂ ನಮ್ಮನೆ ಅನ್ನ ನಿಮಗೆ ಆಗೂದಿಲ್ಲ ಕಾಣ್ತದೆ" ಎಂದು ಆಕೆ ತಾನಾಗಿಯೇ ಹೇಳಿ, ಗಂಡನಿಂದ ಎಳನೀರು ಇಳಿಸಿ, ಬಾಳೆಹಣ್ಣಿನ ಗೊನೆಯನ್ನೇ ಮುಂದಿಟ್ಟಳು. ತನ್ನ ಸೀರೆಯನ್ನು ಅತ್ತೆಗೆ ಉಡಿಸಿ, ಅವರ ಸೀರೆ ಒಣಹಾಕಿದಳು. ಕಂಡು ಕೇಳರಿಯದ ನಮಗೆ ಅಷ್ಟು ಮಾಡಿದ ಆ ತಾಯಿಯನ್ನು ನಾನು ಇಂದಿಗೂ ಮರೆತಿಲ್ಲ. ಅತ್ತೆ ಮತ್ತು ಆಕೆ ಮೂಲೆಯಲ್ಲಿ ಕುಳಿತು ಬಹಳ ಹೊತ್ತು ಮಾತಾಡುತ್ತಿದ್ದರು. ನಾನು ಹತ್ತಿರ ಹೋಗಲಿಲ್ಲ, ಮುಖ ತೋರಿಸಲು ಧೈರ್ಯವಿರಲಿಲ್ಲ.

ವಾಪಸ್ ಬರುವ ದಾರಿಯುದ್ದಕ್ಕೂ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಬೀರಪ್ಪ, "ಬೀರಪ್ಪ ದೇವ್ರು ಕಾದಾನ್ರಿ" ಎಂದಾಗಲೂ ಕಣ್ಣು ತೆರೆಯಲಿಲ್ಲ. ನಾನು ಪಲ್ಲವಿಯ ತಲೆ ಸವರುತ್ತ, ಮುಗೀತು, ಇನ್ನು ಈ ಹುಡುಗಿಯೂ ಕ್ಯಾಲೆಂಡರ್ ನೋಡಿಕೊಂಡೇ ಇರಬೇಕು ಅಂದುಕೊಂಡೆ. ಕಸ್ತೂರಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

ಪಾಡ್ಯದ ಬೆಳಿಗ್ಗೆ ಬನಹಟ್ಟಿಗೆ ಬಂದಾಗ ನನ್ನ ಗಂಡ, ಭಾವ ಮಗ್ಗ ಶುರು ಮಾಡುವ ಸಿದ್ಧತೆಯಲ್ಲಿದ್ದರು. ಬರಿಗಾಲಲ್ಲಿ ಇಳಿದ ನಮ್ಮನ್ನು ನೋಡಿ ಭಾವ, "ಹೆಂಗಾತಬೇ ಎವ್ವಾ ಟೂರು?" ಎಂದು ಕೇಳಿದರು. ನಾವು ಮೂವರೂ ತಲೆ ತಗ್ಗಿಸಿ ನಿಂತೆವು. ಅತ್ತೆ ಕಟ್ಟೆಯ ಮೇಲೆ ಕುಳಿತು, ಕಾಲಿನ ಮರಳು ಝಾಡಿಸಿಕೊಂಡರು.

"ಬರೂ ವರ್ಷ ಬ್ಯಾಸಗ್ಯಾಗ ಅಷ್ಟಮಿಗೆ ಒಂದಿನ ಮಗ್ಗ ನಿಲ್ಲಸ್ರಿ" ಎಂದರು.

ಭಾವನಿಗೆ ಅರ್ಥವಾಗಲಿಲ್ಲ. "ಅಷ್ಟಮಿಗೆ ಯಾಕಬೇ? ಅಪ್ಪನ ಕಾಲದಿಂದ ಅಮಾಸಿಗೇ ನಿಲ್ಲಸಾಕತ್ತೇವಿ."

"ಅಮಾಸಿಗೆ ನಮಗ ಸೂಟಿ, ಆದ್ರ ಸಮುದ್ರಕ್ಕ ಅವತ್ತ ಭಾಳ ಕೆಲಸ ಇರತೈತಿ. ಅಷ್ಟಮಿಗೆ ನೀರು ಸುಮ್ಮನಿರತಾವಂತ ಆ ದೋಣಿ ಹೆಣ್ಮಗಳು ಹೇಳ್ಯಾಳ. ಅದಕ್ಕೂ ಬಿಡುವು ಇದ್ದಾಗ ಹೋಗ್ಬೇಕಪಾ, ಅವರಿವರ ಮನಿಗೆ ಹೋದಂಗ."

ಮಾವನವರು ಹಾಕಿದ ಕಟ್ಟಳೆಯನ್ನು ಅತ್ತೆ ಅಷ್ಟು ಸಲೀಸಾಗಿ ಮುರಿದದ್ದನ್ನು ನನ್ನ ಕಿವಿಯಾರೆ ಕೇಳಿದೆ. ನಾನು ಒಳಗೆ ಓಡಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ಹಿಂದೆಯೇ ಬಂದ ಕಸ್ತೂರಕ್ಕ, "ಅಳ್ತೀ ಯಾಕ ಹುಚ್ಚಿ, ಅಷ್ಟಮಿ ಯಾವಾಗ ಬರತೈತಿ ನೋಡು" ಎಂದಳು. ನನ್ನ ಮದುವೆಯಲ್ಲೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ.