ಮೇಡಂಗೆ ಮಾಡಿದ ಅಪ್ಪಣೆ

ಮೊನ್ನೆ ಗೋಕುಲಂನ ನಮ್ಮ ಯೋಗ ಹಾಲ್‌ಗೆ ಒಬ್ಬಾಕೆ ನೀಲಗಿರಿ ಎಣ್ಣೆ ಹಾಕಿದ ಕರ್ಚೀಫು ಹಿಡಿದು ಬಂದಳು. ನೆಗಡಿಯಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮಗೆ ಸ್ಪ್ಯಾನಿಷ್ ಕಲಿಸುತ್ತಿದ್ದ ಮೇಡಂ ಎದುರಿಗೇ ಬಂದು ನಿಂತ ಹಾಗಾಯಿತು. ವರ್ಷಪೂರ್ತಿ ಅವರ ಸೆರಗಿನಲ್ಲಿ ಅದೇ ವಾಸನೆ...

ಯೋಗ ಕಲಿಯಲು ಸ್ಪೇನ್ ಕಡೆಯವರೂ ಬರುತ್ತಾರಲ್ಲ, ಅವರ ಮಾತಿನಲ್ಲೇ ‘ಬಗ್ಗು, ಉಸಿರು ಬಿಡು’ ಅನ್ನಲು ಬಂದರೆ ಕೆಲಸ ಗ್ಯಾರಂಟಿ ಎಂದು ನಾವು ನಾಲ್ಕೈದು ಜನ ಯೋಗ ಟೀಚರುಗಳು ಸರಸ್ವತಿಪುರಂನ ಅವರ ಮನೆಗೆ ಹೋಗುತ್ತಿದ್ದೆವು. ನಾನು ಹೂಟಗಳ್ಳಿಯಿಂದ ಬಸ್ಸು ಬದಲಿಸಿ ಹೋಗುವವಳು. ‘ಕಾಮಿನಾರ್’ ಅಂದರೆ ನಡೆಯುವುದು, ಕೊನೆಯ ‘ರ್’ ಕಿತ್ತುಹಾಕಿದರೆ ‘ಕಾಮಿನಾ’, ಅಂದರೆ ನಡಿ ಎಂದು ಮೊದಲ ದಿನವೇ ಹೇಳಿಕೊಟ್ಟರು. ಆಮೇಲೆ ಪುಸ್ತಕ ಮುಚ್ಚಿಸಿ, ತಾವೇ ಎದ್ದು ನಿಂತು, ಈಗ ನನಗೆ ಅಪ್ಪಣೆ ಮಾಡಿ ಅಂದರು. ಅದೇ ಅವರ ಪಾಠ. ನಾವು ಹೇಳಬೇಕು, ಅವರು ಮಾಡಬೇಕು. ತಪ್ಪು ಹೇಳಿದರೆ ಕಂಬದ ಹಾಗೆ ನಿಂತೇ ಇರುತ್ತಿದ್ದರು.

ನಮಗೋ ಬಾಯೇ ಬರುತ್ತಿರಲಿಲ್ಲ. ಹಿರಿಯರಿಗೆ ಹೋಗು ಬಾ ಅಂದು ಗೊತ್ತಿಲ್ಲದ ಜನ.

‘ಮೇಡಂ, ನಿಮ್ಗೆ ಕೂತ್ಕೋ ಅಂತ ಎಂಗೆ ಅನ್ನೋದು?’ ಎಂದೆ.

‘ಗದರಿಸಿ ಹೇಳಮ್ಮ. ನಾನೇನು ಸವೆದೋಗಲ್ಲ.’

ಸಂಜೆಯಿಡೀ ಕೂತು, ಎದ್ದು, ಕಿಟಕಿ ತೆಗೆದು ಮುಚ್ಚಿ, ಎಷ್ಟು ನಗಿಸುತ್ತಿದ್ದರು ಪುಣ್ಯಾತ್ಗಿತ್ತಿ...

ಒಂದು ದಿನ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ನಾನು ಆಸ್ಪತ್ರೆಗೆ ಹೋದಾಗ ಫಿಸಿಯೋದವನು ಆ ಬಲಗೈ ಮುಟ್ಟಿ ‘ಎತ್ತಿ ಮೇಡಂ, ಎತ್ತಿ’ ಎನ್ನುತ್ತಿದ್ದ. ಅವರು ಗೋಡೆ ನೋಡಿಕೊಂಡು ಮಲಗಿದ್ದರು. ಈಗ ಆಡದಿದ್ದರೆ ಆ ಕೈ ಇನ್ನು ಆಡುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರಂತೆ. ಮೇಡಂ ತಂಗಿ ನನ್ನನ್ನು ಪಕ್ಕಕ್ಕೆ ಕರೆದರು.

‘ನಿಮ್ ಕ್ಲಾಸಿನ ಭಾಷೇಲಿ ಒಂದ್ಸಲ ಹೇಳಿ ನೋಡಮ್ಮ. ನಿನ್ ಮಾತಾದ್ರೂ ಕೇಳ್ತಾಳೇನೋ.’

ನಾನು ಮಂಚದ ಮೇಲೆ ಬಗ್ಗಿ ‘ಲೆವಾಂತಾ ಲಾ ಮಾನೊ’ ಅಂದೆ. ಕೈ ಎತ್ತು.

ಮೇಡಂ ತಿರುಗಿ ನೋಡಿದರು. ಎಡಗೈಯನ್ನು ಮೆಲ್ಲಗೆ ಹೊದಿಕೆಯಿಂದ ಹೊರಗೆ ತೆಗೆದು, ಸತ್ತ ಬಲಗೈಯ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದರು. ಎತ್ತಿ ಹಿಡಿದೇ ಇದ್ದರು, ನನ್ನನ್ನೇ ನೋಡುತ್ತ... ‘ಅಂಗಲ್ಲ ಮೇಡಂ, ಅದು ಲೆಕ್ಕಕ್ಕಿಲ್ಲ’ ಅಂದ ಫಿಸಿಯೋದವನು. ನನಗೆ ಇಳಿಸು ಅನ್ನಲೂ ಆಗಲಿಲ್ಲ. ತಂಗಿಯೇ ಆ ಕೈ ಹಿಡಿದು ಇಳಿಸಿದರು.

ಅದು ಮತ್ತೆ ಆಡಲೇ ಇಲ್ಲ. ಮಳೆಗಾಲ ಮುಗಿಯುವ ಮೊದಲೇ ಮೇಡಂ ಹೋಗಿಬಿಟ್ಟರು.

ಈಗಲೂ ಹಾಲ್‌ನಲ್ಲಿ ಉಳಿದದ್ದನ್ನೆಲ್ಲ ಅವರು ಕಲಿಸಿದ ಹಾಗೇ ಹೇಳುತ್ತೇನೆ. ಕೈ ಎತ್ತು ಅನ್ನುವುದೊಂದನ್ನು ಹೇಳುವುದಿಲ್ಲ. ಸುಮ್ಮನೆ ನನ್ನ ಕೈ ಎತ್ತುತ್ತೇನೆ. ನೋಡಿ ಎಲ್ಲರೂ ಎತ್ತುತ್ತಾರೆ.