ಬೇವಿನ ಕಾಲು

ಮೈಲೂರಿನ ನಮ್ಮ ಮನೆಗೆ ಸೀತಾಫಲ ಬುಟ್ಟಿಗಟ್ಟಲೆ ಬರುತ್ತಿದ್ದ ದಿನಗಳವು. ನಾನಾಗ ಏಳನೆಯ ತರಗತಿ. ಪಡಸಾಲೆಯಲ್ಲಿ ಅಜ್ಜಿಯ ಹಳೆಯ ಕುರ್ಚಿ. ಮೂರು ಕಾಲು ಕಂದು ಬಣ್ಣ, ನಾಲ್ಕನೆಯದು ಬಿಳಿಚು. ಮುರಿದ ಕಾಲಿನ ಬದಲು ಅಜ್ಜ ಹಿತ್ತಲ ಬೇವಿನ ಕೊಂಬೆ ಕೆತ್ತಿ ಕೂರಿಸಿದ್ದ. ಬಣ್ಣ ಹಚ್ಚುವ ಮೊದಲೇ ತೀರಿಕೊಂಡ. ಆಮೇಲೆ ಹಚ್ಚಲು ಅಜ್ಜಿ ಯಾರನ್ನೂ ಬಿಡಲಿಲ್ಲ.

"ಹಂಗೇ ಇರ್ಲಿ. ಅವರ ಕೈ ಅದರಾಗ ಅದ," ಎನ್ನುತ್ತಿದ್ದಳು.

ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಆಕೆ ಮಧ್ಯಾಹ್ನ ಅದರಲ್ಲೇ ಕೂತು ನಮಗೆ ಸೀತಾಫಲ ಬಿಡಿಸಿ ಕೊಡುತ್ತಿದ್ದಳು. ಆಕೆ ಎದ್ದಳೋ, ಅದು ನಮ್ಮ ಬಸ್ಸು. "ಜನವಾಡ, ಜನವಾಡ" ಎಂದು ಕೂಗುತ್ತ ನಾನೂ ತಂಗಿಯೂ ಹತ್ತಿ ಕೂರುತ್ತಿದ್ದೆವು.

ಶಾಲೆಯ ಚಿತ್ರಸ್ಪರ್ಧೆಗೆ ನಾನು ಆ ಕುರ್ಚಿಯನ್ನೇ ತೆಗೆದೆ, ನೀರುಬಣ್ಣದಲ್ಲಿ. ಬೇವಿನ ಕಾಲಿಗೆ ಹಳದಿಯಲ್ಲಿ ನೀರು ಬೆರೆಸಿ ಬೆರೆಸಿ ತೆಳುವಾಗಿ ಎಳೆದೆ. ಕಾಲಿನ ಗಂಟು ಕೂಡ ಹಾಗೇ ಬಂತು. ಅಷ್ಟು ಚೆನ್ನಾಗಿ ಮತ್ತೆಂದೂ ನನಗೆ ಬರಲಿಲ್ಲ.

ಡ್ರಾಯಿಂಗ್ ಮಾಸ್ತರರು ನೋಡಿ ನಕ್ಕರು. "ಒಂದು ಕುರ್ಚಿಗಿ ಎರಡು ನಮೂನಿ ಕಾಲು ಇರ್ತಾವೇನು?"

"ನಮ್ಮ ಮನ್ಯಾಗ ಹಂಗೇ ಅದರಿ ಸರ್."

"ನಿಮ್ಮ ಮನ್ಯಾಗಿಂದು ಯಾರು ನೋಡ್ತಾರ? ಬಹುಮಾನ ಬೇಕೋ ಬ್ಯಾಡೋ?"

"ಬೇಕ್ರಿ," ಎಂದೆ. ನನ್ನ ಕೈಯಿಂದಲೇ ಬ್ರಷ್ ಕಸಿದುಕೊಂಡು ಆ ಬೇವಿನ ಕಾಲಿನ ಮೇಲೆ ದಪ್ಪ ಕಂದು ಬಣ್ಣ ಬಳಿದುಬಿಟ್ಟರು. ಬಹುಮಾನವೇನೋ ಬಂತು. ತಾವೇ ಹೇಳಿಕೊಟ್ಟಿದ್ದು ಎಂದು ಅವರು ಊರೆಲ್ಲ ಸಾರಿದರು. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆ "ಬೇಕ್ರಿ" ಅಂದ ನನ್ನನ್ನಂತೂ ಮೊದಲೇ ಇಲ್ಲ.

ಮನೆಗೆ ಓಡಿಬಂದು ಅಜ್ಜಿಗೆ ತೋರಿಸಿದೆ. ಆಕೆ ಮೂಗಿಗೆ ಚಾಳೀಸು ಏರಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಭಾಳ ಚಂದ ತಗದಿ," ಎಂದಳು. "ಯಾರ ಮನಿ ಕುರ್ಚಿ ಇದು?"

ಆಕೆ ಚೇಷ್ಟೆ ಮಾಡಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಮುಂದೆ ಅಜ್ಜಿಯೂ ತೀರಿಹೋದಳು. ಮನೆ ಹೊಸದಾಗಿ ಕಟ್ಟಿಸುವಾಗ ಕುರ್ಚಿಯನ್ನು ನಮ್ಮವರೇ ಯಾರೋ ನೀರೊಲೆಗೆ ಹಾಕಿದರು. ಯಾರೆಂದು ಎಷ್ಟು ಕೇಳಿದರೂ ಒಬ್ಬರೂ ಬಾಯಿ ಬಿಡುವುದಿಲ್ಲ. ಉಳಿದದ್ದು ಚಿತ್ರವೊಂದೇ. ಹೋದ ತಿಂಗಳು ಸಿಟ್ಟು ತಡೆಯಲಾಗದೆ ಅದರ ಗಾಜಿನ ಕಟ್ಟು ಬಿಚ್ಚಿ, ಒದ್ದೆ ಹತ್ತಿಯಿಂದ ಆ ಕಾಲನ್ನು ಉಜ್ಜಿದೆ. ಮಾಸ್ತರರ ಕಂದು ಹೋಯಿತು. ಅದರ ಜೊತೆಗೇ ಕೆಳಗಿದ್ದ ನನ್ನ ಹಳದಿಯೂ, ಆ ಗಂಟೂ ಹೋದವು. ಬರಿಯ ಕಾಗದ ಉಳಿಯಿತು.

ಈಗ ಮನೆಗೆ ಬಂದವರು ಗೋಡೆಯ ಮೇಲಿನ ಚಿತ್ರ ನೋಡಿ ಕೇಳುತ್ತಾರೆ, "ಒಂದು ಕಾಲು ತಗೀಲಾಕ ಮರ್ತೀರೇನ್ರಿ?"

ನಮ್ಮ ಕಡೆ ಚಿತ್ರ ಬರೆಯುವುದಕ್ಕೂ ತೆಗೆಯುವುದು ಅನ್ನುತ್ತೇವೆ, ಇಲ್ಲವಾಗಿಸುವುದಕ್ಕೂ ಅದೇ ಮಾತು.

"ಇಲ್ರಿ," ಎನ್ನುತ್ತೇನೆ. "ತಗದೇನಿ."